ಜಾಡಿಯ ಮೇಲಿನ ಹುಲಿಯೂ ಸಂಘದ ಅಧ್ಯಕ್ಷರೂ

ಪ್ಯೊ ದಲ್‌ಸು ಕಲಾವಿದನಾದದ್ದು ಒಂದು ಮಂಗಳವಾರ. ಸೋಮವಾರ ಸಂಜೆಯವರೆಗೆ ಅವನು ನಮ್ಮ ಹಕ್‌ತಾನ್ ಊರಿನ ನಿವೃತ್ತ ಡ್ರೈವಿಂಗ್ ಮೇಷ್ಟ್ರಾಗಿದ್ದ. ಮಂಗಳವಾರ ಬೆಳಿಗ್ಗೆ ಯೊಜು ಪೇಟೆಯ ಪ್ರೆಸ್ಸಿನಿಂದ ವಿಸಿಟಿಂಗ್ ಕಾರ್ಡುಗಳು ಬಂದವು. ಅವುಗಳ ಮೇಲೆ ‘ಮಿನ್‌ಹ್ವಾ ಕುಂಭ ಕಲಾವಿದ’ ಎಂದು ಅಚ್ಚಾಗಿತ್ತು. ಅಚ್ಚಾದ ಮೇಲೆ ಅನುಮಾನ ಪಡುವವರು ಯಾರು?

ಮೊದಲ ಕಾರ್ಡನ್ನು ತಂದುಕೊಟ್ಟದ್ದು ನನಗೆ. ನನ್ನದು ಮನೆ, ಜಮೀನು ಕೊಡಿಸುವ ಬ್ರೋಕರ್ ಆಫೀಸು. ಅವನ ಹೆಂಡತಿಯ ತೋಫು ಹೋಟೆಲಿಗೂ ನನಗೂ ನಡುವೆ ಒಂದೇ ಗೋಡೆ. ಅವನ ಫೋನ್ ನಂಬರು, ಅವನ ಹಲ್ಲುನೋವು, ಅವನಿಗೂ ಹೆಂಡತಿಗೂ ನಡೆಯುವ ಮಾತುಕತೆ ಎಲ್ಲವೂ ನನಗೆ ಆ ಗೋಡೆಯಿಂದಲೇ ಬಾಯಿಪಾಠ. ಆದರೂ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ ಕೊಟ್ಟ.

"ಇನ್ಮೇಲೆ ದಲ್‌ಸು ಅಂತ ಕರೀಬೇಡಣ್ಣ. ಕಲಾವಿದ್ರು ಅನ್ನು. ನಂಗೋಸ್ಕರ ಅಲ್ಲ, ಕಲೆಗೋಸ್ಕರ."

ಕಲೆಗೋಸ್ಕರ ಅಂದಮೇಲೆ ಇಲ್ಲ ಅನ್ನುವುದು ಹೇಗೆ. ನಾನು ಒಪ್ಪಿದೆ. ಆಮೇಲೆ ಬೂದು ಬಣ್ಣದ ದೊಗಳೆ ಅಂಗಿ ಷರಾಯಿ ಬಂತು, ಗುಡ್ಡದ ಮಠದ ಸನ್ಯಾಸಿಗಳು ಹಾಕಿಕೊಳ್ಳುವಂಥದ್ದು. ಜುಟ್ಟೂ ಬಂತು. ನಡುನೆತ್ತಿಯಲ್ಲಿ ಕೂದಲಿಲ್ಲದ್ದರಿಂದ ಎರಡೂ ಕಿವಿಗಳ ಮೇಲಿನದನ್ನು ಒಟ್ಟುಮಾಡಿ ಹಿಂದಕ್ಕೆ ತಂದು ಕಟ್ಟಬೇಕಾಗುತ್ತಿತ್ತು. ದೂರದಿಂದ ನೋಡಿದರೆ ರಬ್ಬರ್ ಬ್ಯಾಂಡು ಮಾತ್ರ ಕಾಣುತ್ತಿತ್ತು.

ಹೋಟೆಲಿನ ಹಿಂದೆ ಕಿಮ್ಚಿ ಉಪ್ಪಿನಕಾಯಿಯ ಜಾಡಿಗಳನ್ನು ಇಡುತ್ತಿದ್ದ ಶೆಡ್ಡು ಕಲಾಶಾಲೆಯಾಯಿತು. ಒಂದು ತಿಗರಿ, ಒಂದು ಗ್ಯಾಸಿನ ಆವಿಗೆ, ಗೋಡೆಗೆ ಒಂದು ಹಳೆಯ ಕ್ಯಾಲೆಂಡರು. ಅವನ ಹೆಂಡತಿ ಗಪ್‌ಸೂನ್ ಹೆಸರಿನಲ್ಲಿ ಮಾತ್ರ ಗಪ್. ಊಟಕ್ಕೆ ಬಂದವರಿಗೆಲ್ಲ ತೋಫು ಸಾರಿನ ಜೊತೆ ಈ ಸಮಾಚಾರವನ್ನೂ ಬಡಿಸಿದಳು.

"ಕಿಮ್ಚಿ ಇರೋ ಜಾಡಿ ಎಲ್ಲಾ ಬಿಸಿಲಿಗೆ ಹಾಕಿ, ಖಾಲಿ ಜಾಡಿ ಒಳಗೆ ಇಟ್ಕೊಂಡಿದಾನೆ. ಇದರಲ್ಲಿ ಏನಿದೆಯೋ ಅಂದ್ರೆ, ಅರ್ಥ ಇದೆ ಅಂತಾನೆ."

ಮಿನ್‌ಹ್ವಾ ಎಂದರೆ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಊರೂರು ಅಲೆಯುತ್ತಿದ್ದ, ಹೆಸರು ಕೂಡ ಹಾಕದ ಚಿತ್ರಗಾರರು ಬಡವರ ಗೋಡೆಗೆಂದು ಬರೆದ ಚಿತ್ರಗಳು. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಹುಲಿ ಮತ್ತು ಕಾಚಿ ಹಕ್ಕಿಯ ಚಿತ್ರ. ಕೆಳಗೆ ಹುಲಿ, ಮೇಲೆ ಪೈನ್ ಮರದ ಕೊಂಬೆಯಲ್ಲಿ ಕಾಗೆಯ ಜಾತಿಯ, ಬಿಳಿ ಹೊಟ್ಟೆಯ ಕಾಚಿ. ಹುಲಿಯ ಕಣ್ಣು ಮಾಲುಗಣ್ಣು, ಮುಖದಲ್ಲಿ ಪೆದ್ದುತನ. ಕಾಚಿ ಕೊಂಬೆಯಿಂದ ಬಗ್ಗಿ ಅದಕ್ಕೆ ಏನೋ ಹೇಳುತ್ತಿರುತ್ತದೆ. ಅದನ್ನೇ ಜಾಡಿಯ ಮೇಲೆ ತರುವುದು ನಮ್ಮ ಕಡೆಯ ಕುಂಬಾರಿಕೆಯವರಿಗೆ ಹೊಸದಲ್ಲ. ಆದರೆ ಅದು ಅಷ್ಟು ಸುಲಭವೂ ಅಲ್ಲ. ದಲ್‌ಸು ಕಲಿಯಲು ಹೋಗುತ್ತಿದ್ದ ಸಂಸ್ಕೃತಿ ಕೇಂದ್ರದ ತರಗತಿಯಲ್ಲಿ ಕುಂಬಾರಿಕೆಯ ಮೇಷ್ಟ್ರು ಇದನ್ನೇ ಹೇಳಿದ್ದರಂತೆ. ಕಾಗದ ಚಪ್ಪಟೆ, ಜಾಡಿ ಗುಂಡಗೆ. ಉಬ್ಬಿದ ಕಡೆ ಗೆರೆಯನ್ನು ಒಳಗೆ ತರಬೇಕು, ಕಿರಿದಾದ ಕಡೆ ಸಡಿಲ ಬಿಡಬೇಕು, ಇಲ್ಲದಿದ್ದರೆ ಚಿತ್ರ ಎಳೆದಂತಾಗುತ್ತದೆ. ಮೇಷ್ಟ್ರು ಇದನ್ನು ಹೇಳುತ್ತಿದ್ದ ಹೊತ್ತಿನಲ್ಲಿ ದಲ್‌ಸು ಪಕ್ಕದಲ್ಲಿದ್ದ ಹೆಂಗಸಿಗೆ ಕಾರನ್ನು ಹಿಮ್ಮುಖವಾಗಿ ನಿಲ್ಲಿಸುವುದು ಹೇಗೆಂದು ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸಿ ಕಲಿಸುತ್ತಿದ್ದ.

ಹಾಗಾಗಿ ಅವನು ಕ್ಯಾಲೆಂಡರಿನ ಹುಲಿಯನ್ನು ತೆಳು ಕಾಗದಕ್ಕೆ ಇಳಿಸಿ, ಒಮ್ಮೆ ಸುಟ್ಟ ದೊಡ್ಡ ಜಾಡಿಗೆ ಅಂಗಿಯಂತೆ ಸುತ್ತಿ ಗೆರೆ ಎಳೆದ. ಉಬ್ಬಿನ ಮೇಲೆ ಹುಲಿಯ ಕಣ್ಣುಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ಸರಿದವು. ಕೆಳಗೆ ಜಾಡಿ ಕಿರಿದಾದ ಕಡೆ ದವಡೆ ಮುದುಡಿ ಎರಡು ಹಲ್ಲು ಮುಂದಕ್ಕೆ ಬಂದವು. ಮೆರುಗನ್ನು ಹೆಂಡತಿ ಮಾಡುವ ಗಂಜಿಗಿಂತ ದಪ್ಪವಾಗಿ ಬಳಿದಿದ್ದ. ಬೆಂಕಿಯಲ್ಲಿ ಅದು ಇಳಿದು, ಕಂದು ಮೀಸೆಯನ್ನೂ ತನ್ನ ಜೊತೆ ಕೆಳಕ್ಕೆಳೆಯಿತು.

ಆವಿಗೆಯ ಬಾಗಿಲು ತೆಗೆದಾಗ ನಾನು ಅಲ್ಲೇ ಇದ್ದೆ. ನೋಡಿದೆ. ಮಣ್ಣಿನ ಮೂಟೆಯ ಮೇಲೆ ಕೂತೆ.

ಜಾಡಿಯ ಮೇಲೆ ಇದ್ದವರು ಹಕ್‌ತಾನ್ ರೈತರ ಸಹಕಾರ ಸಂಘದ ಅಧ್ಯಕ್ಷರಾದ ಶ್ರೀ ಥಾಕ್ ಚುನ್‌ಬೆಯವರು. ಒಂದು ಕಣ್ಣು ಸಭೆಯ ಕಡೆ, ಇನ್ನೊಂದು ಬಾಗಿಲ ಕಡೆ. ಇಳಿಬಿದ್ದ ಮೀಸೆ, ಮುಂದೆ ಎರಡು ಹಲ್ಲು, ಕುರ್ಚಿಯಲ್ಲಿ ಕೂತಂತೆ ಸ್ವಲ್ಪ ವಾಲಿದ ಮೈ. ಮೇಲಿನ ಕೊಂಬೆಯಲ್ಲಿ ಬಾಯಿ ಅಗಲಿಸಿ ಕೂತಿದ್ದ ಕಾಚಿಯೋ, ಅಕ್ಕಿ ಗಿರಣಿಯ ಬಾಂಗ್ ಮ್ಯೊಂಗ್‌ಜಾ. ಕರಿ ಕೋಟು, ಬಿಳಿ ರವಿಕೆ, ಹುಟ್ಟಿದಾಗಿನಿಂದ ಮುಚ್ಚದ ಬಾಯಿ. ಆ ವರ್ಷ ಸಂಘದ ಚುನಾವಣೆಯಲ್ಲಿ ಅಧ್ಯಕ್ಷರ ಎದುರು ನಿಂತಿದ್ದವಳು ಅವಳೇ.

"ಏನಣ್ಣ, ಮಾತೇ ಹೊರಡ್ತಿಲ್ಲ?" ಎಂದ ದಲ್‌ಸು.

"ಇಲ್ಲ."

"ಮೊದಲ ಸಲ ಕಲೆ ನೋಡಿದೋರಿಗೆ ಹಾಗೇ ಆಗುತ್ತೆ."

ಅವನಿಗೆ ನಿಜವಾಗಿಯೂ ಏನೂ ಕಂಡಿರಲಿಲ್ಲ. ಇದನ್ನು ಆಮೇಲೆ ಯಾರೂ ನಂಬಲಿಲ್ಲ, ನಾನು ನಂಬುತ್ತೇನೆ. ಜೀವಮಾನವೆಲ್ಲ ಊರಿನವರಿಗೆ ಕನ್ನಡಿ ನೋಡಿ, ಮುಂದೆ ನೋಡಿ ಎಂದು ಕೂಗಿದ ಮನುಷ್ಯ, ತಾನು ಯಾವತ್ತೂ ಕಣ್ಣೆದುರಿಗಿದ್ದದ್ದನ್ನು ನೋಡಿದವನಲ್ಲ.

ಜಾಡಿಯನ್ನು ತಂದು ಹೋಟೆಲಿನ ಕಿಟಕಿಯಲ್ಲಿ ಇಟ್ಟ. ಮಧ್ಯಾಹ್ನದ ಊಟಕ್ಕೆ ಬಂದ ಮೊದಲ ಟೇಬಲ್ಲು ನಕ್ಕಿತು. ಎರಡನೆಯ ಟೇಬಲ್ಲು ಎದ್ದುಬಂದು ನೋಡಿ ನಕ್ಕಿತು. ಗೊಬ್ಬರದ ಲಾರಿಯವನೊಬ್ಬ ನಗುವ ಭರದಲ್ಲಿ ತೋಫು ಮೂಗಿಗೆ ಹತ್ತಿಸಿಕೊಂಡ. ದಲ್‌ಸು ಅಡುಗೆಮನೆಯ ಪರದೆಯ ಹಿಂದೆ ನಿಂತು ಕಣ್ಣೊರೆಸಿಕೊಂಡ.

"ಕಲೆ ಜನಕ್ಕೆ ತಲುಪೋದು ಅಂದ್ರೆ ಇದೇ ಕಣೇ," ಎಂದ ಹೆಂಡತಿಗೆ.

ಗಪ್‌ಸೂನ್ ಆ ತನಕ ಜಾಡಿಯನ್ನು ಸರಿಯಾಗಿ ನೋಡಿರಲಿಲ್ಲ. ಹೊರಗೆ ಬಂದು ನೋಡಿದಳು. ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಅಧ್ಯಕ್ಷರು ಬರುತ್ತಿದ್ದರು.

ಥಾಕ್ ಅಧ್ಯಕ್ಷರು ಎಲ್ಲಿಗೂ ಒಬ್ಬರೇ ಹೋಗುವುದಿಲ್ಲ. ಬಾಗಿಲು ತೆಗೆಯಲು ಮುಂದೆ ಒಬ್ಬ ಇರುತ್ತಾನೆ, ನಗಲು ಹಿಂದೆ ಇಬ್ಬರು. ಕಿಟಕಿಯ ಮುಂದೆ ಅವರು ನಿಂತಾಗ ಹಿಂದಿನ ಇಬ್ಬರಿಗೂ ನಗಬೇಕೋ ಬೇಡವೋ ತಿಳಿಯದೆ ಮುಖ ಕೆಂಪಾಯಿತು.

"ಇದನ್ನ ಮಾಡಿದ್ಯಾರು?"

ದಲ್‌ಸು ಓಡಿಬಂದು ಕಾರ್ಡು ಕೊಟ್ಟ. "ನಾನೇ ಅಧ್ಯಕ್ಷರೇ."

"ಏನಿದು?"

"ಹುಲಿ."

"ಹುಲಿ ಅಂತ ನಂಗೂ ಕಾಣುತ್ತೆ. ಯಾವ ಹುಲಿ?"

ಈ ಪ್ರಶ್ನೆಯಲ್ಲಿ ಬೇರೆ ಯಾರಿಗಾದರೂ ಕತ್ತಿಯ ಸದ್ದು ಕೇಳುತ್ತಿತ್ತು. ದಲ್‌ಸುವಿಗೆ ರಸಿಕನೊಬ್ಬನ ಕುತೂಹಲ ಕೇಳಿತು. ಅವನು ಗಂಟಲು ಸರಿಮಾಡಿಕೊಂಡು ತರಗತಿಯಲ್ಲಿ ಕಲಿತ ಒಂದೇ ಪಾಠವನ್ನು ಒಪ್ಪಿಸಿದ.

"ಇದು ಬರೀ ಪ್ರಾಣಿ ಅಲ್ಲ ಅಧ್ಯಕ್ಷರೇ. ಅಧಿಕಾರ ತಲೆಗೇರಿದ ದೊಡ್ಡ ಮನುಷ್ಯ. ಮೈ ಇಷ್ಟು ದಪ್ಪ, ಬುದ್ಧಿ ಇಷ್ಟೇ ಇಷ್ಟು. ಕಣ್ಣು ಎರಡು ಕಡೆ ಯಾಕೆ ನೋಡ್ತಿದಾವೆ ಹೇಳಿ? ಒಂದು ಜನರ ಮೇಲೆ, ಒಂದು ಜನರ ಗಂಟಿನ ಮೇಲೆ."

ಊಟಕ್ಕೆ ಕೂತವರು ಚಮಚ ಕೆಳಗಿಟ್ಟು ಕುರ್ಚಿಗಳನ್ನು ಇತ್ತ ತಿರುಗಿಸಿಕೊಂಡರು.

"ಮತ್ತೆ ಆ ಹಕ್ಕಿ?" ಎಂದರು ಅಧ್ಯಕ್ಷರು, ಬಹಳ ಮೆಲ್ಲಗೆ.

"ಕಾಚಿ ಅಂದ್ರೆ ನಮ್ಮಂಥ ಜನ. ಮುಖಕ್ಕೆ ನೇರವಾಗಿ ನಿಜ ಹೇಳ್ತಿದೆ. ಹುಲಿಗೆ ತಿಳೀತಿಲ್ಲ. ಹಲ್ಲು ಕಿರ್ಕೊಂಡು ಕೂತಿದೆ ನೋಡಿ."

ಅಧ್ಯಕ್ಷರು ಆಗ ಹಲ್ಲು ಕಿರಿದುಕೊಂಡೇ ನಿಂತಿದ್ದರು, ಸಾರ್ವಜನಿಕ ಜೀವನದ ಅಭ್ಯಾಸ. ಥಟ್ಟನೆ ಬಾಯಿ ಮುಚ್ಚಿದರು.

"ಧೈರ್ಯ ಚೆನ್ನಾಗಿದೆ ನಿಂದು."

"ಕಲಾವಿದನಿಗೆ ಅದೇ ಬಂಡವಾಳ ಅಧ್ಯಕ್ಷರೇ. ನಿಮ್ಮ ಆಫೀಸ್ ಟೇಬಲ್ಲಿಗೆ ಇದರದೇ ಒಂದು ಸಣ್ಣದು ಮಾಡಿಕೊಡಲಾ?"

ಅಧ್ಯಕ್ಷರು ಊಟ ಮಾಡದೆ ಹೊರಟರು. ಮಾರನೆಯ ದಿನದಿಂದ ಸಂಘದ ಗುಮಾಸ್ತರು, ಗೋದಾಮಿನವರು, ಟ್ರ್ಯಾಕ್ಟರಿನವರು ಎಲ್ಲರೂ ರಸ್ತೆಯಾಚೆಯ ನೂಡಲ್ಸ್ ಅಂಗಡಿಗೆ ಹೋಗತೊಡಗಿದರು. ಗಪ್‌ಸೂನ್‌ಳ ಹೋಟೆಲು ನಿಂತಿದ್ದೇ ಅವರ ಮಧ್ಯಾಹ್ನದ ಹಸಿವಿನ ಮೇಲೆ. ಅವಳು ಮಾಡಿದ ತೋಫು ಹಾಗೇ ಉಳಿದು, ಸಂಜೆ ನಾನೂ ನನ್ನ ಆಫೀಸಿನಲ್ಲಿ ಚದುರಂಗ ಆಡಲು ಬರುವ ಮುದುಕರೂ ಅದನ್ನು ಪುಕ್ಕಟೆ ತಿನ್ನಬೇಕಾಗಿ ಬಂತು. ಯಾರೂ ಬೇಡ ಅನ್ನಲಿಲ್ಲ.

ಸಂಘದವರ ಬದಲು ಬಂದವರು ಬಾಂಗ್ ಮ್ಯೊಂಗ್‌ಜಾಳ ಕಡೆಯ ಹೆಂಗಸರು. ಅವರಿಗೆ ಹುಲಿಯ ಬಟ್ಟಲು ಬೇಕು, ಹುಲಿಯ ತಟ್ಟೆ ಬೇಕು, ಅಕ್ಕಿ ಹೆಂಡ ಕುಡಿಯಲು ಹುಲಿಯ ಬೋಗುಣಿ ಬೇಕು. ಎಲ್ಲದರ ಮೇಲೂ ಥೇಟ್ ಅದೇ ಮುಖ ಇರಬೇಕು. ಮೊದಲನೆಯ ಮುಖ ಜಾಡಿಯ ಉಬ್ಬು ಮಾಡಿದ ಕೆಲಸ. ಮಿಕ್ಕ ಮುಖಗಳು ಹೊಗಳಿಕೆ ಮಾಡಿದ ಕೆಲಸ. ದಲ್‌ಸು ಕ್ಯಾಲೆಂಡರನ್ನು ಬಿಟ್ಟು, ಮೊದಲ ಜಾಡಿಯನ್ನೇ ಎದುರಿಗಿಟ್ಟುಕೊಂಡು ಬರೆಯತೊಡಗಿದ. ಊರಿನ ಅರ್ಧ ಮನೆಗಳಲ್ಲಿ ಜನ ಅನ್ನ ಉಂಡು ಮುಗಿಸುವ ಹೊತ್ತಿಗೆ ಬಟ್ಟಲ ತಳದಿಂದ ಅಧ್ಯಕ್ಷರು ಹಲ್ಲು ಕಿರಿಯುತ್ತಿದ್ದರು.

"ಬಟ್ಟಲು ಇಲ್ಲಿ ಕೊಳ್ತಾರೆ, ಊಟ ಮನೇಲಿ ಮಾಡ್ತಾರೆ," ಎಂದಳು ಗಪ್‌ಸೂನ್. "ನಿನ್ನ ಹುಲಿ ನನ್ನ ಹೋಟ್ಲು ತಿಂತಿದೆ ಕಣೋ."

ಕೊನೆಗೆ ನಾನೇ ಅವನಿಗೆ ವಿಷಯ ಬಿಡಿಸಿ ಹೇಳಿದೆ. ಅವನು ಜಾಡಿಯನ್ನು ನೋಡಿದ. ರಸ್ತೆ ದಾಟಿ ಹೋಗಿ ಗೋಡೆಗೆ ಹಚ್ಚಿದ್ದ ಚುನಾವಣೆಯ ಪೋಸ್ಟರ್ ನೋಡಿದ. ವಾಪಸ್ ಬಂದು ಮತ್ತೆ ಜಾಡಿಯನ್ನು ನೋಡಿದ.

"ಸ್ವಲ್ಪ ಇದೆ," ಎಂದ. "ಆದ್ರೆ ಅದು ಅವರ ಮುಖದ ತಪ್ಪು."

"ಹೋಗಿ ಕಾಲು ಹಿಡ್ಕೊ," ಎಂದಳು ಗಪ್‌ಸೂನ್. "ನಾಳಿದ್ದು ಅವರಮ್ಮನ ಹುಟ್ಟಿದ ಹಬ್ಬ ಇದೆ. ಅಕ್ಕಿ ಕಡುಬು ತಗೊಂಡು ಹೋಗು. ಬರೀ ಕಡುಬು. ಬೇರೇನೂ ಬೇಡ."

ಕಲಾವಿದನೊಬ್ಬ ಕಡುಬು ಹೊತ್ತುಕೊಂಡು ಹೋಗುವುದೆ? ದಲ್‌ಸು ಅವಳಿಗೆ ಹೇಳದೆ ಒಂದು ದೊಡ್ಡ ತಟ್ಟೆಗೆ ಚಿತ್ರ ಬರೆದು ಆವಿಗೆಗೆ ಹಾಕಿದ. ಈ ಸಲ ಹುಲಿಯಲ್ಲ, ನೀರಿನಿಂದ ಮೇಲಕ್ಕೆ ನೆಗೆಯುವ ಮೀನು. ಅದೂ ಹಳೆಯ ಮಿನ್‌ಹ್ವಾ ಚಿತ್ರವೇ, ಮಕ್ಕಳು ದೊಡ್ಡ ಹುದ್ದೆಗೆ ಏರಲಿ ಎಂದು ಮನೆಯಲ್ಲಿ ತೂಗುಹಾಕುವಂಥದ್ದು.

"ಮೀನಿಗೆ ಎಂಥ ಮುಖ ಅಣ್ಣ," ಎಂದು ನನಗೆ ಸಮಾಧಾನ ಹೇಳಿದ. "ಯಾರ ಹಾಗಾದ್ರೂ ಕಾಣೋಕೆ ಅದಕ್ಕೆ ಜಾಗ ಎಲ್ಲಿದೆ?"

ಹುಟ್ಟುಹಬ್ಬದ ಊಟ ಊರಿನ ಸಮುದಾಯ ಭವನದಲ್ಲಿ. ಅಧ್ಯಕ್ಷರ ತಾಯಿ ತೊಂಬತ್ತು ದಾಟಿದವರು, ಕಿವಿ ಮಂದ, ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಹಣ್ಣು, ಕಡುಬುಗಳ ಗೋಪುರಗಳ ಹಿಂದೆ ರೇಷ್ಮೆ ಬಟ್ಟೆ ಉಟ್ಟು ಕೂತಿದ್ದರು. ಚುನಾವಣೆ ಹತ್ತಿರವಿದ್ದುದರಿಂದ ಅಧ್ಯಕ್ಷರು ಊರಿಗೆ ಊರನ್ನೇ ಕರೆದಿದ್ದರು, ಎದುರಾಳಿಯನ್ನೂ. ದಲ್‌ಸು ತಟ್ಟೆಯ ಗಂಟನ್ನು ತಂದು ಮುದುಕಿಯ ಮುಂದಿಟ್ಟು, ನೆಲಕ್ಕೆ ಹಣೆ ತಾಗಿಸಿ ನಮಸ್ಕಾರ ಮಾಡಿದ.

"ತಾಯೀ, ನಿಮ್ಮ ಮಗ ಇನ್ನೂ ಮೇಲಕ್ಕೆ ಏರಲಿ ಅಂತ."

ಅಧ್ಯಕ್ಷರ ಮುಖ ಸ್ವಲ್ಪ ಸಡಿಲವಾಯಿತು. ಗಂಟು ಬಿಚ್ಚಿದರು.

ಮೀನಿಗೂ ಮೀಸೆ ಇರುತ್ತದೆ ಎಂಬುದನ್ನು ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ದಲ್‌ಸು ಹೇಗೆ ಮರೆತನೋ ತಿಳಿಯದು. ಆದರೆ ಕೈ ಮರೆತಿರಲಿಲ್ಲ. ಅಗಲ ತಟ್ಟೆಯ ತುಂಬ ಥಾಕ್ ಚುನ್‌ಬೆ ನೀರಿನಿಂದ ಎದ್ದು ಬರುತ್ತಿದ್ದರು, ಮೀಸೆ ಇಳಿಬಿಟ್ಟು, ಬಾಯಿ ತೆರೆದು.

ಆಗ ಮುದುಕಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಿವಿ ಮಂದ ಇರುವವರ ಎತ್ತರದ ದನಿಯಲ್ಲಿ ಹೇಳಿದರು.

"ಅಯ್ಯೋ, ನಮ್ಮ ಚುನ್‌ಬೆ. ಹುಟ್ಟಿದಾಗ ಹೀಗೇ ಇದ್ದ. ಹಾಲು ಬೇಕು ಅಂತ ಬಾಯಿ ಹೀಗೇ ತೆಗೀತಿದ್ದ. ಇವತ್ತಿಗೂ ಮುಚ್ಚಿಲ್ಲ ನೋಡಿ."

ಮೊದಲು ನಕ್ಕವಳು ಮ್ಯೊಂಗ್‌ಜಾ. ಆಮೇಲೆ ಯಾರು ನಗಲಿಲ್ಲ ಎಂದು ಹುಡುಕುವುದು ಕಷ್ಟವಾಯಿತು. ಅಧ್ಯಕ್ಷರ ಹಿಂದೆ ನಗುವುದಕ್ಕೆಂದೇ ಇದ್ದ ಇಬ್ಬರೂ, ಪಾಪ, ಅಭ್ಯಾಸಬಲದಿಂದ ನಕ್ಕರು. ತಾಯಿಗೆ ಮಾತ್ರ ತಟ್ಟೆಯ ಮೇಲೆ ಬಹಳ ಪ್ರೀತಿ. ಅದನ್ನು ತೊಡೆಯ ಮೇಲಿಂದ ಇಳಿಸಲು ಕೊನೆಯವರೆಗೂ ಒಪ್ಪಲಿಲ್ಲ.

ಅಧ್ಯಕ್ಷರು ಚುನಾವಣಾ ಕಚೇರಿಗೆ ದೂರು ಕೊಟ್ಟರು. ಅಭ್ಯರ್ಥಿಯೊಬ್ಬನ ಮಾನ ಕಳೆಯುವ ಪ್ರಚಾರ ಸಾಮಗ್ರಿಯನ್ನು ಮಣ್ಣಿನಲ್ಲಿ ಮಾಡಿ ಮಾರಲಾಗುತ್ತಿದೆ ಎಂದು. ಪೇಟೆಯಿಂದ ನಾಮ್‌ಗುಂಗ್ ಎಂಬ ಹೆಂಗಸು ಅಧಿಕಾರಿ ಬಂದರು. ತೆಳ್ಳಗೆ, ಚೊಕ್ಕಟವಾಗಿ, ಮುಖದಲ್ಲಿ ಯಾವ ಭಾವವನ್ನೂ ಸರ್ಕಾರಿ ಖರ್ಚಿನಲ್ಲಿ ತೋರಿಸದವರು. ಹೋಟೆಲಿನಲ್ಲಿ ಕೂತು ಒಂದು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. ದಲ್‌ಸು ಎದುರಿಗೆ ಮೊಣಕಾಲೂರಿ ಕೂತ. ಅವನಿಗೆ ಜೈಲಿನ ಕನಸು ಬೀಳತೊಡಗಿತ್ತು.

"ಮೇಷ್ಟ್ರೇ, ಇದು ಯಾರು?"

"ಹುಲಿ ಮೇಡಂ. ಆಣೆ ಮಾಡಿ ಹೇಳ್ತೀನಿ."

"ನೀವು ಯಾವ ಹುಲಿ ಬರೆದ್ರೂ ಹೀಗೇ ಬರುತ್ತಾ?"

"ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

ಅಧಿಕಾರಿ ಒಂದು ಬಿಳಿ ಹಾಳೆ, ಪೆನ್ಸಿಲ್ ಮುಂದಿಟ್ಟರು. "ಒಂದು ಬರೀರಿ ನೋಡೋಣ."

ಬರೆದ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು. "ಇದೂ ಅವರೇ."

"ಬೇಕು ಅಂತ ಮಾಡಿದ್ದಲ್ಲ ಮೇಡಂ."

"ಬೇರೆ ಏನಾದ್ರೂ ಬರೀರಿ. ಮೊಲ ಬರೀರಿ."

ದಲ್‌ಸು ಬೆವರು ಒರೆಸಿಕೊಂಡು, ನಾಲಗೆ ಕಚ್ಚಿಕೊಂಡು ಮೊಲ ಬರೆದ. ನಾಮ್‌ಗುಂಗ್ ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ನೀರು ಕುಡಿದರು. ಭುಜಗಳು ಮಾತ್ರ ಸ್ವಲ್ಪ ಅಲುಗಿದವು.

ಮಾರನೆಯ ದಿನ ಎರಡೂ ಕಡೆಯವರನ್ನು ಸಮುದಾಯ ಭವನಕ್ಕೆ ಕರೆದರು. ಊರಿನವರು ಕರೆಯದೆಯೇ ಬಂದರು. ಮೇಜಿನ ಮೇಲೆ ಜಾಡಿ. ಅದರ ಪಕ್ಕಕ್ಕೆ ಬಂದು ನಿಲ್ಲಲು ಅಧ್ಯಕ್ಷರಿಗೆ ವಿನಂತಿ.

"ಅಧ್ಯಕ್ಷರೇ, ಕಾನೂನಿನಲ್ಲಿ ಹುಲಿ ಬರೆಯೋದು ತಪ್ಪಲ್ಲ," ಎಂದರು ಅಧಿಕಾರಿ. "ನಿಮ್ಮ ದೂರು ನಿಲ್ಲಬೇಕಾದ್ರೆ ಈ ಹುಲಿ ನೀವೇ ಅಂತ ನೀವು ಎಲ್ಲರೆದುರು ಹೇಳಬೇಕು. ಯಾವ ಆಧಾರದ ಮೇಲೆ ಅಂತಾನೂ ಹೇಳಬೇಕು. ಕಣ್ಣಾ, ಹಲ್ಲಾ, ಮೀಸೆಯಾ?"

ಸಭೆ ಜಾಡಿಯನ್ನು ನೋಡಿತು, ಅಧ್ಯಕ್ಷರನ್ನು ನೋಡಿತು. ಇಬ್ಬರ ಬೆವರೂ ಒಂದೇ ಕಡೆ ಇಳಿಯುತ್ತಿರುವಂತೆ ಕಾಣುತ್ತಿತ್ತು.

"ನನಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ," ಎಂದರು ಅಧ್ಯಕ್ಷರು.

"ಎಲ್ಲಿಯ ಹೋಲಿಕೆ," ಎಂದ ಹಿಂದಿದ್ದವರಲ್ಲಿ ಒಬ್ಬ. "ನಮ್ಮ ಅಧ್ಯಕ್ಷರ ಹಲ್ಲು ಇದಕ್ಕಿಂತ ಉದ್ದ."

ದೂರು ಮುಗಿಯಿತು. ದಲ್‌ಸು ಮನೆಗೆ ಬಂದು ಎರಡು ಬಟ್ಟಲು ತೋಫು ಸಾರು ಕುಡಿದು ಮಲಗಿದ. ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಎದ್ದಾಗ ಅವನ ಭಯ ಹೋಗಿತ್ತು, ಅದರ ಜಾಗದಲ್ಲಿ ಧೀರನೊಬ್ಬ ಕೂತಿದ್ದ. ತಾನು ಮೊದಲಿನಿಂದಲೂ ಬೇಕೆಂದೇ ಅಧ್ಯಕ್ಷರನ್ನು ಬರೆದದ್ದು, ಅಧಿಕಾರಕ್ಕೆ ಕುಂಚ ಅಂಜುವುದಿಲ್ಲ, ಪೇಟೆಯ ಅಧಿಕಾರಿಯೇ ತನ್ನ ಮುಂದೆ ನೀರು ಕುಡಿದಳು ಎಂದೆಲ್ಲ ನನ್ನ ಆಫೀಸಿನ ಮುದುಕರಿಗೆ ಹೇಳತೊಡಗಿದ. ಹೊಸ ಕಾರ್ಡುಗಳು ಬಂದವು. ‘ಕುಂಭ ಕಲಾವಿದ’ ಎಂಬುದರ ಕೆಳಗೆ ‘ವಿಡಂಬನೆ’ ಎಂದು ಸೇರಿತ್ತು.

"ವಿಡಂಬನೆ ಅಂದ್ರೆ ಏನು?" ಎಂದಳು ಗಪ್‌ಸೂನ್.

"ಅದು ನಿಂಗೆ ತಿಳಿಯಲ್ಲ."

"ತಿಳಿಯುತ್ತೆ. ಇಪ್ಪತ್ತು ಕುರ್ಚಿ ಖಾಲಿ ಇದಾವಲ್ಲ ಹೊರಗೆ, ಅದೇ ತಾನೆ?"

ಇದನ್ನೆಲ್ಲ ಕೇಳಿಸಿಕೊಂಡ ಮ್ಯೊಂಗ್‌ಜಾ ತನ್ನ ಕೊನೆಯ ಪ್ರಚಾರ ಸಭೆಗೆ ಒಂದು ದೊಡ್ಡ ಜಾಡಿ ಹೇಳಿದಳು.

"ಕಲಾವಿದ್ರೇ, ಇಷ್ಟು ದಿನ ನೀವು ಸುತ್ತಿ ಬಳಸಿ ಹೇಳಿದ್ದು ಸಾಕು. ಈ ಸಲ ಹುಲಿಗೆ ನೇರವಾಗಿ ಅವನ ಮುಖಾನೇ ಬರೀರಿ. ಜಾಡಿಗೆ ಮುಚ್ಚಿದ ಬಟ್ಟೆ ತೆಗೆದ ತಕ್ಷಣ ಜನ ಕುರ್ಚಿಯಿಂದ ಕೆಳಗೆ ಬೀಳಬೇಕು."

"ಆಂಬ್ಯುಲೆನ್ಸ್ ತರಿಸಿಡಿ ಅಕ್ಕ," ಎಂದ ದಲ್‌ಸು.

ತನ್ನ ಕಲಾಜೀವನದಲ್ಲಿ ಮೊದಲ ಬಾರಿಗೆ ಅವನು ಬರೆಯುವುದಕ್ಕೆ ಮುಂಚೆ ನೋಡಿದ. ಅಧ್ಯಕ್ಷರು ಭಾಷಣ ಮಾಡುವ ಕಡೆಯೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಅಳತೆ ಹಿಡಿದ. ಅಧ್ಯಕ್ಷರ ಮಾತು ಎರಡು ಕಡೆ ತಪ್ಪಿತು. ಜಾಡಿಯ ಮೇಲೆ ಕಾಗದ ಸುತ್ತದೆ ನೇರವಾಗಿ ಕುಂಚ ಹಿಡಿದ. ಕಣ್ಣುಗಳನ್ನು ಇನ್ನೂ ದೂರ ಮಾಡಲು, ಇನ್ನೂ ವಕ್ರ ಮಾಡಲು ಪಟ್ಟ ಶ್ರಮದಲ್ಲಿ ಅವನ ಅಳತೆ ಅಡಿಮೇಲಾಯಿತು. ಅವನು ವಕ್ರವಾಗಿ ಬರೆದದ್ದನ್ನೆಲ್ಲ ಜಾಡಿಯ ಉಬ್ಬು ಎಳೆದು ನೇರ ಮಾಡಿತು. ಆವಿಗೆಯಲ್ಲಿ ಮ್ಯೊಂಗ್‌ಜಾಳ ಕಡೆಯವರ ಬಟ್ಟಲುಗಳೇ ತುಂಬಿದ್ದವು. ಬುಡ ಊರಲು ಜಾಗ ಸಾಲದೆ ಜಾಡಿಯನ್ನು ತಲೆಕೆಳಗಾಗಿ, ಬಾಯಿಯ ಮೇಲೆ ನಿಲ್ಲಿಸಿ ಸುಟ್ಟ. ಕರಗಿದ ಮೆರುಗು ಈ ಸಲ ಬಾಯಿಯ ಕಡೆಗೆ ಹರಿಯಿತು. ಜಾಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ಹುಲಿಯ ಮೀಸೆ ಕೆನ್ನೆಯ ಮೇಲಕ್ಕೆ ಹುರಿಗೊಂಡು ಎದ್ದಿತ್ತು.

ಅವನಿಗೆ ಇದು ಕಂಡಿತೆ? ಇಲ್ಲ. ತಾನು ಬರೆಯಬೇಕೆಂದುಕೊಂಡದ್ದೇ ಅವನಿಗೆ ಕಂಡಿತು. ನಗುನಗುತ್ತಾ ಬಟ್ಟೆ ಸುತ್ತಿ ಕಳಿಸಿದ.

ಸಭೆಯ ದಿನ ಭವನ ತುಂಬಿತ್ತು. ಜನ ನಗಲು ಸಿದ್ಧವಾಗಿ, ಕುರ್ಚಿಯ ಕೈ ಹಿಡಿದು ಕೂತಿದ್ದರು. ಮ್ಯೊಂಗ್‌ಜಾ ಕರಿ ಕೋಟಿನ ತೋಳು ಮೇಲಕ್ಕೆ ಸರಿಸಿ, ಬಟ್ಟೆಯ ತುದಿ ಹಿಡಿದು ಹೇಳಿದಳು.

"ಇಷ್ಟು ವರ್ಷ ನಿಮ್ಮನ್ನ ಆಳಿದೋರ ನಿಜವಾದ ಮುಖ ಇವತ್ತು ನೋಡಿ. ಇವರೇ ನಿಮ್ಮ ಅಧ್ಯಕ್ಷರು."

ಎಳೆದಳು.

ಜಾಡಿಯ ಮೇಲೆ ಬೆಟ್ಟದ ರಾಜನಂಥ ಹುಲಿ ಕೂತಿತ್ತು. ನೇರ ನೋಟ, ಎತ್ತಿದ ಮೀಸೆ, ಅಗಲವಾದ ಎದೆ. ಹಳೆಯ ಚಿತ್ರಗಾರರು ಕೂಡ ಅಂಥದನ್ನು ಅಪರೂಪಕ್ಕೆ ಬರೆದಿರಬೇಕು. ಕಾಚಿ ಮೇಲೆಲ್ಲೋ ಎಲೆಗಳ ನಡುವೆ ಒಂದು ಕಪ್ಪು ಚುಕ್ಕೆಯಾಗಿ ಉಳಿದಿತ್ತು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದಿ ರೈತನೊಬ್ಬ ಟೋಪಿ ತೆಗೆದ.

"ಎಂಥ ಗಾಂಭೀರ್ಯ," ಎಂದ.

"ಹೌದಲ್ಲ," ಎಂದಳು ಅವನ ಪಕ್ಕದವಳು. ಅವಳೂ ಮ್ಯೊಂಗ್‌ಜಾಳ ಕಡೆಯವಳೇ, ಮನೆಯಲ್ಲಿ ಹುಲಿಯ ಬಟ್ಟಲು ಇಟ್ಟುಕೊಂಡವಳು. "ನಾವು ಅವರನ್ನ ಸರಿಯಾಗಿ ನೋಡೇ ಇರಲಿಲ್ಲ ಅನ್ಸುತ್ತೆ. ನೋಡಿ, ಪಾಪ, ಮ್ಯೊಂಗ್‌ಜಾನೇ ಒಪ್ಕೊಳ್ತಿದಾಳೆ."

ಮ್ಯೊಂಗ್‌ಜಾಳ ಬಾಯಿ ತೆರೆದಿತ್ತು. ಅದರಿಂದ ಮಾತು ಬರದೆ ಇದ್ದದ್ದನ್ನು ನಮ್ಮ ಊರು ಅವತ್ತೇ ಮೊದಲು ನೋಡಿದ್ದು. ಹೇಗೋ ಕುತ್ತಿಗೆ ತಿರುಗಿಸಿ ದಲ್‌ಸುವನ್ನು ಹುಡುಕಿದಳು. ಅವನು ಹಿಂದಿನ ಬಾಗಿಲ ಹತ್ತಿರ ನಿಂತು, ಜನ ನಗುವುದನ್ನು ಇನ್ನೂ ಕಾಯುತ್ತಿದ್ದ.

ಥಾಕ್ ಚುನ್‌ಬೆ ಗೆದ್ದರು. ಹಿಂದಿನ ಸಲಕ್ಕಿಂತ ಹೆಚ್ಚಿನ ಅಂತರದಲ್ಲಿ ಗೆದ್ದರು. ಅವರ ಮುಖ ನೋಡಿ ಅನ್ನ ನೆತ್ತಿಗೇರುವಷ್ಟು ನಕ್ಕ ಊರು ಸಾಲಾಗಿ ನಿಂತು ಅವರಿಗೇ ಮತ ಹಾಕಿತು. ಮರುದಿನ ಅವರು ಜಾಡಿಯನ್ನು ತರಿಸಿಕೊಳ್ಳಲು ಆಳು ಕಳಿಸಿದರು. ಮ್ಯೊಂಗ್‌ಜಾ ಅದನ್ನು ಅಷ್ಟರಲ್ಲಾಗಲೇ ಬೀದಿಯ ಅಂಚಿಗೆ ಇಟ್ಟಿದ್ದಳು. ಆಮೇಲೆ ದಲ್‌ಸುವಿನ ಶೆಡ್ಡಿಗೆ ಬಂದು, ತಾನು ಕೊಂಡಿದ್ದ ಬಟ್ಟಲುಗಳನ್ನೆಲ್ಲ ಒಂದೊಂದಾಗಿ ಅವನ ಕಾಲ ಬಳಿ ಎತ್ತಿಹಾಕಿದಳು. ಗೋಡೆಯ ಈಚೆ ನಾನೂ ಮುದುಕರೂ ಚದುರಂಗ ನಿಲ್ಲಿಸಿ ಕೇಳಿಸಿಕೊಂಡೆವು.

ಸಂಘದ ಗುಮಾಸ್ತರು ತೋಫು ಹೋಟೆಲಿಗೆ ಮರಳಿದರು. ಗಪ್‌ಸೂನ್ ಆವಿಗೆಯನ್ನು ಪೇಟೆಯ ಯಾರಿಗೋ ಕೊಟ್ಟುಬಿಟ್ಟು ಕಿಮ್ಚಿ ಜಾಡಿಗಳನ್ನು ಒಳಗೆ ತಂದಿಟ್ಟಳು.

ಈಗ ಆ ಜಾಡಿ ಸಂಘದ ಆಫೀಸಿನ ಮುಂಗಟ್ಟಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಕೆಳಗೆ ಹಿತ್ತಾಳೆಯ ಫಲಕ, ಫಲಕದ ಮೇಲೆ ಅಧ್ಯಕ್ಷರ ಹೆಸರು. ಮಾಡಿದವನ ಹೆಸರು ಹಾಕಲು ಜಾಗ ಸಾಲಲಿಲ್ಲವಂತೆ. ಹೊರಗಿನಿಂದ ಯಾರು ಬಂದರೂ ಅಧ್ಯಕ್ಷರು ಅದರ ಪಕ್ಕಕ್ಕೆ ಹೋಗಿ ಗದ್ದ ಎತ್ತಿ ನಿಲ್ಲುತ್ತಾರೆ. ಬಂದವರು ಜಾಡಿಯನ್ನು ನೋಡುತ್ತಾರೆ, ಅವರನ್ನು ನೋಡುತ್ತಾರೆ, ಏನೂ ಅರ್ಥವಾಗದಿದ್ದರೂ ಹೌದು ಹೌದು ಅನ್ನುತ್ತಾರೆ.

ದಲ್‌ಸು ದಿನಾ ಬೆಳಿಗ್ಗೆ ಬೂದು ಬಟ್ಟೆ ಹಾಕಿಕೊಂಡು ಅಲ್ಲಿಗೆ ಹೋಗಿ ಗಾಜಿನ ಪೆಟ್ಟಿಗೆಯ ಪಕ್ಕ ನಿಲ್ಲುತ್ತಾನೆ. ಇದನ್ನು ಮಾಡಿದವರು ಯಾರು ಎಂದು ಯಾರಾದರೂ ಕೇಳಿದರೆ ಕೊಡಲು ಕಿಸೆಯಲ್ಲಿ ಕಾರ್ಡು ಇದೆ. ಹಳ್ಳಿಗಳಿಂದ ಬಂದ ರೈತರು ಅವನು ನಿಂತ ಜಾಗ ನೋಡಿ, ಸಂಘದ ಜವಾನ ಇರಬೇಕು ಅಂದುಕೊಂಡು ಹತ್ತಿರ ಬರುತ್ತಾರೆ. ದಲ್‌ಸು ಕಿಸೆಗೆ ಕೈ ಹಾಕುತ್ತಾನೆ.

"ಅಣ್ಣ, ಗೊಬ್ಬರದ ಚೀಟಿ ಎಲ್ಲಿ ಕೊಡ್ತಾರೆ?" ಎಂದು ಅವರು ಕೇಳುತ್ತಾರೆ.

ದಲ್‌ಸು ಕಿಸೆಯಿಂದ ಕೈ ತೆಗೆದು, ಒಳಗಿನ ಎರಡನೇ ಕಿಟಕಿಯನ್ನು ತೋರಿಸುತ್ತಾನೆ. ನಿಜ ಹೇಳಬೇಕೆಂದರೆ, ಆ ಕೆಲಸವನ್ನು ಮಾತ್ರ ಅವನು ಇಲ್ಲಿಯವರೆಗೆ ಒಂದು ಸಲವೂ ಕೆಡಿಸಿಲ್ಲ.